ಕೌಜುಗದ ಕೂಗನ್ನು ತೆಗೆದುಹಾಕಿದ್ದರು

ಟಿ.ವಿ.ಯವರು ನನ್ನ ಕೈಯಲ್ಲೇ ಮಾಡಿಸಿ, ಅದನ್ನೇ ತೋರಿಸಿ ನನ್ನನ್ನು ಕಳ್ಳಿ ಮಾಡಿದರು. ನಡೆದದ್ದು ಇಷ್ಟೇ. ಏನೋ ತಪ್ಪು ತಿಳಿವಳಿಕೆ ಅಂತ ಆಮೇಲೆ ಕೆಲವರು ಸಮಾಧಾನ ಹೇಳಿದರು. ತಪ್ಪು ತಿಳಿವಳಿಕೆ ಅಲ್ಲ, ತಿಳಿದೇ ಮಾಡಿದ್ದು. ಇವತ್ತಿಗೂ ನನ್ನ ಮಾತು ಅದೇ.

ಅದು 2007ನೇ ಇಸವಿ. ನಾವು ಹಕ್ಕಿಪಿಕ್ಕಿ ಜನ. ಶಿಡ್ಲಘಟ್ಟದ ಹತ್ತಿರ ನಮ್ಮ ಕಾಲೊನಿ. ಹಕ್ಕಿ ಹಿಡಿಯಬಾರದು ಅಂತ ಸರ್ಕಾರ ಹೇಳಿ ಎಷ್ಟೋ ಕಾಲವಾಗಿತ್ತು. ನಾನು ಮೇಲೂರಿನ ಬೀದಿಗಳಲ್ಲಿ ಪಿನ್ನು, ಬಾಚಣಿಗೆ, ಮಣಿಸರ ಮಾರುತ್ತಿದ್ದೆ. ನನ್ನ ಊಟ ಅದರಲ್ಲೇ. ರೇಷ್ಮೆ ನೂಲು ತೆಗೆಯುವ ಮನೆಯ ನಾರಾಯಣಮ್ಮ ಕಾಯಂ ಗಿರಾಕಿ. ಜಗಲಿಯ ಮೇಲೆ ಕೂರಿಸಿ ಕಾಫಿ ಕೊಡುತ್ತಿದ್ದಳು.

ಒಂದು ದಿನ ಯಾವುದೋ ಚಾನೆಲ್‌ನವರು ಕ್ಯಾಮೆರಾ ಹೊತ್ತು ಕಾಲೊನಿಗೆ ಬಂದರು. ನಿಮ್ಮ ಹಳೆಯ ಕಸುಬು ಜನಕ್ಕೆ ಗೊತ್ತಾಗಲಿ, ಹಕ್ಕಿ ಹೇಗೆ ಹಿಡಿಯುತ್ತಿದ್ದಿರಿ, ಮಾಡಿ ತೋರಿಸಿ ಅಂದರು. ನಾನು ಒಳ್ಳೆಯ ಸೀರೆ ಉಟ್ಟು ಬಂದರೆ, ಹರಿದದ್ದು ಉಟ್ಟು ಬನ್ನಿ ಅಂತ ವಾಪಸು ಕಳಿಸಿದರು.

ಕೌಜುಗ ಹಿಡಿಯಬೇಕಾದರೆ ಕುಕ್ಕರಗಾಲಿನಲ್ಲಿ ಕೂತು ಬೇಲಿಗೆ ಅಂಟಿಕೊಂಡು ಸರಿಯಬೇಕು. ಹಿಂದೆ ಬಲೆ ಹಿಡಿದು ಬರುವವರಿಗೆ ಕೈಸನ್ನೆಯಲ್ಲೇ ನಿಲ್ಲು ಅನ್ನಬೇಕು. ಆಮೇಲೆ ಹೆಣ್ಣು ಹಕ್ಕಿಯ ಹಾಗೆ ಕೂಗಬೇಕು. ಗಂಡು ತಾನಾಗಿ ಬರುತ್ತದೆ. ನಮ್ಮಪ್ಪ ಕಲಿಸಿದ್ದು. ಟಿ.ವಿ.ಯವರು ಹೇಳಿದ ಒಂದು ತೋಟದ ಮನೆಯ ಬೇಲಿ ಪಕ್ಕ ಎಲ್ಲವನ್ನೂ ಮಾಡಿದೆ. ಖುಷಿಯಿಂದಲೇ ಮಾಡಿದೆ.

ಸ್ವಲ್ಪ ದಿನ ಕಳೆದು ಮೇಲೂರಿಗೆ ಹೋದಾಗ ನಾರಾಯಣಮ್ಮ ಗೇಟಿನ ಚಿಲಕ ತೆಗೆಯಲಿಲ್ಲ.

“ನೀನು ಬೇಲಿ ಪಕ್ಕ ಹೊಂಚು ಹಾಕಿದ್ದು ಟಿ.ವಿ.ಲಿ ನೋಡ್ದೆ ಕಣಮ್ಮ. ಮನೇಲಿ ಹೆಣ್ಮಕ್ಕಳವ್ರೆ. ಇನ್ನು ಈ ಕಡೆ ಬರ್ಬೇಡ” ಅಂದಳು.

ಬಸ್ ಸ್ಟ್ಯಾಂಡಿನ ಹೋಟೆಲಿಗೆ ಹೋಗಿ ಟಿ.ವಿ. ಮುಂದೆ ನಿಂತೆ. ಮತ್ತೆ ಮತ್ತೆ ಅದನ್ನೇ ಹಾಕುತ್ತಿದ್ದರು. ಎಲ್ಲೋ ಆದ ಕಳ್ಳತನದ ಸುದ್ದಿ. ಈ ಜನ ಹೀಗೆ ಮನೆ ಗುರುತು ಹಾಕುತ್ತಾರೆ ಅಂತ ಒಬ್ಬಳು ಹೇಳುತ್ತಿದ್ದಳು, ಚಿತ್ರದಲ್ಲಿ ನಾನು ಸರಿಯುತ್ತಿದ್ದೆ. ನನ್ನ ಮುಖಕ್ಕೆ ಕೆಂಪು ಸುತ್ತು. ಬಾಯಿ ಆಡುತ್ತಿತ್ತು, ಕೂಗು ಇರಲಿಲ್ಲ. ಅದನ್ನು ತೆಗೆದು ಡಂಡಂ ಅಂತ ಬಡಿತ ಹಾಕಿದ್ದರು.

ಮಗ ಚಾನೆಲ್ಲಿಗೆ ಫೋನ್ ಮಾಡಿದ. ಅದು ಸಾಂದರ್ಭಿಕ ಚಿತ್ರ, ನಿಮ್ಮ ತಾಯಿಯ ಹೆಸರು ನಾವು ಹೇಳಿಲ್ಲವಲ್ಲ ಅಂತ ಹೇಳಿ ಇಟ್ಟುಬಿಟ್ಟರಂತೆ. ಮುಖಕ್ಕೆ ಸುತ್ತು ಹಾಕಿದ ಮೇಲೆ ಹೆಸರು ಯಾಕೆ ಬೇಕು?

ಸಂಜೆ ಕಾಲೊನಿಯ ಹಿರಿಯರು ಸೇರಿ, ಮೇಲೂರು ಬಿಟ್ಟುಬಿಡು, ತೊಂಡೇಬಾವಿ ಕಡೆ ಮಾರಿಕೊಂಡು ಬಾ, ಅಲ್ಲಿ ನಿನ್ನ ಗುರುತು ಯಾರಿಗೂ ಇಲ್ಲ ಅಂದರು.

“ಅಲ್ಲೇನು ಟಿ.ವಿ. ಇಲ್ವೇನಪ್ಪ?” ಅಂದೆ.

ಮಾರನೆಯ ಬೆಳಗ್ಗೆ ಅದೇ ಹರಿದ ಸೀರೆ ಉಟ್ಟು ಮೇಲೂರಿಗೆ ಹೋದೆ. ನಾರಾಯಣಮ್ಮನ ಮನೆ ಎದುರಿಗೆ ರೇಷ್ಮೆ ತೋಟದ ಬೇಲಿ. ಜನ ಡೇರಿಗೆ ಹಾಲು ಹಾಕಲು ಹೋಗುವ ಹೊತ್ತು. ಬುಟ್ಟಿ ಇಳಿಸಿದೆ.

“ಟಿ.ವಿ.ಲಿ ಅರ್ಧ ತೋರಿಸವ್ರೆ. ಪೂರ್ತಿ ನೋಡ್ಕೊಂಡು ಹೋಗಿ” ಅಂದೆ.

ಕುಕ್ಕರಗಾಲಿನಲ್ಲಿ ಕೂತು ಬೇಲಿಗುಂಟ ಸರಿದೆ. ಕೈ ಹಿಂದೆ ಮಾಡಿ ನಿಲ್ಲು ಅಂತ ಸನ್ನೆ ಮಾಡಿದೆ. ಯಾರೋ ತೆಲುಗಲ್ಲಿ ಕಳ್ಳಿ ಅಂದು ನಕ್ಕರು. ನಾನು ಕೂಗಿದೆ. ಏನೂ ಇಲ್ಲ. ಮತ್ತೆ ಕೂಗಿದೆ. ಆಗ ತೋಟದೊಳಗಿಂದ ಗಂಡು ಕೌಜುಗ ಗಟ್ಟಿಯಾಗಿ ಉತ್ತರ ಕೊಟ್ಟಿತು. ನಗು ನಿಂತಿತು. ನಾರಾಯಣಮ್ಮ ಗೇಟಿನ ಹತ್ತಿರ ಬಂದು ನಿಂತಿದ್ದಳು.

ನಾನು ಎದ್ದು, ಸೀರೆಯ ಮಣ್ಣು ಕೊಡವಿಕೊಂಡು, ಬುಟ್ಟಿ ಎತ್ತಿಕೊಂಡು ಅವಳ ಗೇಟಿನ ಮುಂದೆ ಹೋಗಿ ನಿಂತೆ. ಎಂದಿನ ಹಾಗೆ ಪಿನ್ನು, ಬಾಚಣಿಗೆ ಅಂತ ಕೂಗಿದೆ.