ಗಡಿಯಾಚೆ ಬಿದ್ದ ಟೊಪ್ಪಿ

ನೇಪಾಳಕ್ಕೆ ಹೋಗುವುದೆಂದು ತೀರ್ಮಾನವಾದ ದಿನ ನಾನು ಕೊಡಗಿನ ಸುಂಟಿಕೊಪ್ಪದ ಬಸ್ ನಿಲ್ದಾಣದಲ್ಲಿ ಗುರುತಿದ್ದವರಿಗೂ ಇಲ್ಲದವರಿಗೂ ಸುದ್ದಿ ಹೇಳಿಬಿಟ್ಟೆ. ನಲವತ್ತು ದಾಟಿದ ಹೆಂಗಸು, ಎಸ್ಟೇಟ್ ಆಫೀಸಿನಲ್ಲಿ ಗುಮಾಸ್ತೆ. ಆದರೂ ಕುಣಿಯುವುದೊಂದು ಬಾಕಿ ಇತ್ತು. ಫಾರಿನ್ ಎಂದರೆ ಫಾರಿನ್ನೇ, ಬಸ್ಸಿಳಿದು ನಡೆದುಕೊಂಡು ಹೋಗುವಂಥದ್ದಾದರೂ.

ಕರೆದವನು ನಮ್ಮ ಎಸ್ಟೇಟಿನ ವಾಚ್‌ಮನ್. ನೇಪಾಳದವನು. ಊರವರೆಲ್ಲ ಗೂರ್ಖಾ ಎಂದು ಕರೆದರೆ ಅಪ್ಪ ಮಾತ್ರ ದಾಜು ಎನ್ನುತ್ತಿದ್ದ. ಅಣ್ಣ ಎಂದರ್ಥ, ಸೈನ್ಯದಲ್ಲಿ ಕಲಿತದ್ದು. ಹದಿನೈದು ವರ್ಷದಿಂದ ಇಬ್ಬರೂ ನಮ್ಮ ಜಗಲಿಯಲ್ಲಿ ಕೂತು, ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ ಹಿಮದ ಮಾತಾಡುತ್ತಾ ಕಾಫಿ ಕುಡಿದವರು. ದಾಜುವಿನ ಮಗಳಿಗೆ ಮದುವೆ ಗೊತ್ತಾಗಿತ್ತು.

"ಸಾಬ್, ನೀವು ಬರ್ಲೇಬೇಕು. ಬಾರ್ಡರಿಂದ ನಮ್ಮನೆ ಎರಡು ಗಂಟೆ. ಪಾಸ್‌ಪೋರ್ಟ್ ಬೇಡ, ವೀಸಾ ಬೇಡ. ನಾನು ಗೇಟ್ ಆಚೆ ನಿಂತಿರ್ತೀನಿ."

"ಪಾಸ್‌ಪೋರ್ಟ್ ಇಲ್ದೆ ದಾಟುದಾ? ಅದೆಂಥ ಗಡಿ?" ಎಂದ ಅಪ್ಪ. ಮುಖ ಮಾತ್ರ ಅರಳಿತ್ತು.

ಅಪ್ಪ ಇಪ್ಪತ್ತೆರಡು ವರ್ಷ ಸೈನ್ಯದಲ್ಲಿದ್ದವನು. ಪಾಕಿಸ್ತಾನದ ಗಡಿ ಕಾದಿದ್ದಾನೆ, ಚೀನಾದ ಗಡಿ ಕಾದಿದ್ದಾನೆ, ಒಂದನ್ನೂ ದಾಟಿಲ್ಲ. ಎರಡು ವರ್ಷದ ಹಿಂದೆ ಎದೆಗೆ ಸ್ಟೆಂಟ್ ಹಾಕಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾಗ, ಆಸ್ತಿಯ ಮಾತೋ ದೇವರ ಮಾತೋ ಆಡುತ್ತಾನೆಂದು ನಾವು ಬಗ್ಗಿದರೆ, ಅವನು ಹೇಳಿದ್ದು ಒಂದೇ: "ಸಾಯುದ್ರೊಳಗೆ ಒಂದ್ಸಲ ಆಚೆ ಕಾಲಿಡ್ಬೇಕು." ನನಗೆ ಅಳುವೂ ಬಂತು, ಸಿಟ್ಟೂ ಬಂತು. ಡಾಕ್ಟರು ಈಗ ಪ್ರಯಾಣಕ್ಕೆ ಒಪ್ಪಿದ್ದರು, ಮುಂದಿನ ವರ್ಷದ ಮಾತು ಕೊಡಲು ಒಪ್ಪಿರಲಿಲ್ಲ.

ಆ ಆಸೆಯ ಹಿಂದೆ ಒಂದು ಟೊಪ್ಪಿಯ ಕಥೆಯಿತ್ತು. ಮದುವೆಯಾದ ಹೊಸದರಲ್ಲಿ ಅವ್ವ ಕೆಂಪು ಉಲ್ಲನ್ನಿನ ಟೊಪ್ಪಿಯೊಂದನ್ನು ಹೆಣೆದು ಕಳಿಸಿದ್ದಳಂತೆ. ಚೀನಾ ಗಡಿಯ ಗುಡ್ಡದಲ್ಲಿ ಗಾಳಿ ಅದನ್ನು ಎತ್ತಿಕೊಂಡು ಹೋಗಿ, ಗುರುತಿಗೆ ಇಟ್ಟ ಕಲ್ಲುಗಳ ಆಚೆ ಎಸೆಯಿತು. ನಾಲ್ಕೇ ಹೆಜ್ಜೆ. ಅಪ್ಪ ಹೋಗಲಿಲ್ಲ. ಹಿಮ ಬಿದ್ದು ಮುಚ್ಚುವವರೆಗೆ ಹನ್ನೊಂದು ದಿನ ಅದನ್ನೇ ನೋಡುತ್ತಾ ಡ್ಯೂಟಿ ಮಾಡಿದ. ಅರಕಲಗೂಡು ಕಡೆಯಿಂದ ಸೊಸೆಯಾಗಿ ಬಂದ ನಮ್ಮ ಅವ್ವ ಇವತ್ತಿಗೂ ಅದನ್ನು ಬಿಟ್ಟಿಲ್ಲ.

"ನಾಲ್ಕು ಹೆಜ್ಜೆ ಹೋಗಿ ತರಕ್ಕಾಗ್ಲಿಲ್ವ ನಿಮ್ಗೆ? ಬುಡ್ಡಿ ದೀಪದಾಗೆ ಕೂತ್ಕಂಡು ಹೆಣೆದಿದ್ದೆ."

"ನಿನ್ನ ಟೊಪ್ಪಿಗೋಸ್ಕರ ಎರಡು ದೇಶಕ್ಕೆ ಜಗಳ ಹಚ್ಲಿಕ್ಕಾಗ್ತದಾ?"

ಈ ಜಗಳ ನಮ್ಮ ಮನೆಯಲ್ಲಿ ವರ್ಷಕ್ಕೆ ನಾಲ್ಕು ಸಲವಾದರೂ ಆಗುತ್ತಿತ್ತು.

ಹೊರಡುವ ವಾರವೆಲ್ಲ ಮನೆ ಸಂತೆಯಾಯಿತು. ಅವ್ವ ಕಾಳುಮೆಣಸು, ಕಾಫಿಪುಡಿ ಕಟ್ಟಿದಳು, ಹಂದಿ ಪಲ್ಯಕ್ಕೆ ಹಾಕುವ ಕಾಚಂಪುಳಿ ಎಂಬ ಕಪ್ಪು ಹುಳಿಯನ್ನು ಒಂದು ಬಾಟಲಿಗೆ ತುಂಬಿಸಿದಳು. ವೋಟರ್ ಐಡಿ ಎಲ್ಲರದೂ ಇದೆಯಾ ಎಂದು ನಾನು ದಿನಕ್ಕೆರಡು ಸಲ ಕೇಳಿದೆ. ಅಪ್ಪ ಪ್ಲಾಸ್ಟಿಕ್ ಕವರ್ ತಟ್ಟಿ ತನ್ನ ಮನೆಮಾತಾದ ಅರೆಭಾಷೆಯಲ್ಲಿ, "ಉಟ್ಟು, ಎಲ್ಲ ಉಟ್ಟು" ಎನ್ನುತ್ತಿದ್ದ. ಇದೆ ಎಂದ ಮೇಲೆ ಇದೆ ಎಂದು ನಾನೂ ಸುಮ್ಮನಾದೆ.

ಮೈಸೂರು, ಬೆಂಗಳೂರು, ಆಮೇಲೆ ಮುಗಿಯದ ರೈಲು. ಮೂರನೆಯ ದಿನ ಬೆಳಿಗ್ಗೆ ಉತ್ತರ ಪ್ರದೇಶದ ಆ ಗಡಿ ಪಟ್ಟಣದಲ್ಲಿ ಇಳಿದೆವು. ಮುಳ್ಳುತಂತಿ ಇರುತ್ತದೆ, ಕೋವಿ ಹಿಡಿದವರು ಸಾಲಾಗಿ ನಿಂತಿರುತ್ತಾರೆ ಎಂದುಕೊಂಡಿದ್ದೆ. ಇದ್ದದ್ದು ಒಂದು ಕಮಾನು, ಅದರಾಚೆ ಇನ್ನೊಂದು ಕಮಾನು. ನಡುವೆ ಸೈಕಲ್ಲಿಗೆ ಹೂಕೋಸು ಕಟ್ಟಿಕೊಂಡವರು, ಮಗು ಎತ್ತಿಕೊಂಡವರು, ಶಾಲೆಗೆ ತಡವಾದ ಹುಡುಗಿಯರು ಈ ದೇಶದಿಂದ ಆ ದೇಶಕ್ಕೆ ನುಗ್ಗುತ್ತಿದ್ದರು. ಅವ್ವನಂತೂ ಅಂಗಡಿ ಸಾಲು ನೋಡುತ್ತಾ ನಡೆದೇಬಿಟ್ಟಳು. ಅವಳು ವಿದೇಶ ತಲುಪಿದ್ದು ಅವಳಿಗೇ ಗೊತ್ತಾಗಲಿಲ್ಲ.

ಕಮಾನಿನ ಬಳಿ ನಿಂತಿದ್ದ ನಮ್ಮ ದೇಶದ ಗಡಿ ಕಾವಲಿನ ಜವಾನ ಅಪ್ಪನನ್ನು ನೋಡಿ, ಹೋಗಿ ಎಂದು ಕೈಬೀಸಿದ. ಅಪ್ಪ ಹೋಗಲಿಲ್ಲ.

"ಕಾಗದ ನೋಡಿ" ಎಂದ ಹಿಂದಿಯಲ್ಲಿ.

"ಬೇಡ ಬಾಬಾ, ಹೋಗಿ."

"ನೋಡದೆ ಹೇಗೆ ಬಿಡ್ತೀರಿ? ಇದು ಡ್ಯೂಟಿಯಾ?"

ಬೈಸಿಕೊಂಡ ಜವಾನ ಕೈ ಚಾಚಿದ. ಅಪ್ಪ ಕವರಿನಿಂದ, ನಾಲ್ಕು ಮಡಿಕೆಯ ಹಳೆಯ ಕಾಗದವೊಂದನ್ನು ಭಕ್ತಿಯಿಂದ ತೆಗೆದುಕೊಟ್ಟ. ನನ್ನ ಜೀವ ಬಾಯಿಗೆ ಬಂತು. ಅದು ಕೋವಿಯ ವಿನಾಯಿತಿ ಪತ್ರ. ಕೊಡಗಿನಲ್ಲಿ ಜಮ್ಮಾ ಎಂಬ ವಂಶಪಾರಂಪರ್ಯದ ಜಮೀನು ಇರುವವರು ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಬಹುದೆಂದು ಸರ್ಕಾರ ಕೊಡುವ ಕಾಗದ. ಅಪ್ಪನ ಪಾಲಿಗೆ ಅದಕ್ಕಿಂತ ದೊಡ್ಡ ಗುರುತಿನ ಚೀಟಿ ಇಲ್ಲ. ಬ್ಯಾಂಕಿಗೂ ಅದೇ, ಗ್ಯಾಸ್ ಏಜೆನ್ಸಿಗೂ ಅದೇ. ವೋಟರ್ ಐಡಿ ಮನೆಯ ಬೀರುವಿನಲ್ಲಿ ಉಳಿದಿತ್ತು.

ಜವಾನ ಇಂಗ್ಲಿಷಿನಲ್ಲಿ ಕೋವಿ ಎಂಬ ಪದ ಓದಿದ, ಅಪ್ಪನ ಹೆಗಲಲ್ಲಿದ್ದ ಉದ್ದ ಚೀಲ ನೋಡಿದ, ಸೀಟಿ ಊದಿದ. ಐದು ನಿಮಿಷದಲ್ಲಿ ನಮ್ಮ ಸಾಮಾನೆಲ್ಲ ಮೇಜಿನ ಮೇಲಿತ್ತು. ಉದ್ದ ಚೀಲದಲ್ಲಿ ಸಿಕ್ಕಿದ್ದು ಕೊಡೆ. ಸೀಟಿ ಕೇಳಿ ಬಂದ ಅಧಿಕಾರಿ ಕಾಚಂಪುಳಿಯ ಬಾಟಲಿ ಮೂಸಿ, ಮುಖ ಕಿವುಚಿ ಮೂರು ಹೆಜ್ಜೆ ಹಿಂದೆ ಸರಿದ. ನಾನು ನನ್ನ ವೋಟರ್ ಐಡಿ ತೋರಿಸಿ, ಫೋನಿನಲ್ಲಿದ್ದ ಅಪ್ಪನ ವೋಟರ್ ಐಡಿಯ ಫೋಟೊ ತೋರಿಸಿ, ಕೊಡಗು ಎಲ್ಲಿದೆ ಎಂದು ನಕ್ಷೆಯಲ್ಲಿ ತೋರಿಸಿ ಬೆವೆತೆ. ಕೊನೆಗೆ ಅಧಿಕಾರಿ ನಕ್ಕು, "ಕೋವಿ ಮನೆಯಲ್ಲಿದೆ ತಾನೆ? ಹೋಗಿ ಬನ್ನಿ" ಎಂದ.

ಎಲ್ಲ ಸರಿಯಾಯಿತು. ಆಗ ಅಪ್ಪ ನಿಂತುಬಿಟ್ಟ.

ರಸ್ತೆಗೆ ಅಡ್ಡವಾಗಿ ಅಳಿಸಿಹೋದ ಬಿಳಿ ಗೆರೆಯೊಂದಿತ್ತು. ಅದಕ್ಕೆ ಒಂದು ಗೇಣು ಈಚೆ ಅವನ ಚಪ್ಪಲಿ. ಆಚೆ ದಾಜು ಹೊಸ ಕೋಟು ಹಾಕಿಕೊಂಡು ಎರಡೂ ಕೈ ಬೀಸುತ್ತಿದ್ದ. "ನಡಿ ಅಪ್ಪ" ಎಂದೆ. ಕಾಲು ಏಳಲಿಲ್ಲ.

"ಆಗ್ತಿಲ್ಲ ಮಗಾ" ಎಂದ, ಮೆಲ್ಲಗೆ. "ಇಲ್ಲಿ ನಿಲ್ಲು ಅಂತ್ಲೇ ಕಲ್ತದ್ದು."

ಎರಡೂವರೆ ಸಾವಿರ ಕಿಲೋಮೀಟರ್ ಬಂದವನು ಗೇಣುದೂರದಲ್ಲಿ ಸೋಲುತ್ತಾನೆ ಎಂದುಕೊಂಡೆ. ಅಷ್ಟರಲ್ಲಿ ಆಚೆ ಕಡೆಯ ಅಂಗಡಿಯಿಂದ ಅವ್ವ ಹೊರಬಂದಳು. ಕೈಯಲ್ಲಿ ನೇಪಾಳದ ಬಣ್ಣಬಣ್ಣದ ಟೊಪ್ಪಿ. ಅಪ್ಪನನ್ನು ಒಂದು ಗಳಿಗೆ ನೋಡಿದಳು. ಅವಳಿಗೆ ಅರ್ಥವಾಯಿತು. ನಾಲ್ಕು ಹೆಜ್ಜೆ ದೂರದಲ್ಲಿ ನಿಂತು, ಟೊಪ್ಪಿಯನ್ನು ಬೇಕೆಂದೇ ಆ ನೆಲದ ಮೇಲೆ ಇಟ್ಟಳು.

"ನಿಮ್ ಟೊಪ್ಪಿ ಬಿದ್ದದೆ ಕಣ್ರೀ" ಎಂದಳು. "ಈ ಸಲನಾದ್ರೂ ಬಂದು ತಗಳಿ."

ಅಪ್ಪ ಜವಾನನತ್ತ ತಿರುಗಿ ನೋಡಿದ. ಜವಾನ ಹೂಕೋಸಿನವನ ಜೊತೆ ಮಾತಾಡುತ್ತಿದ್ದ. ಅಪ್ಪ ಗೆರೆ ದಾಟಿದ. ಒಂದು, ಎರಡು, ಮೂರು, ನಾಲ್ಕು. ಬಗ್ಗಿ ಟೊಪ್ಪಿ ಎತ್ತಿಕೊಂಡು, ಧೂಳು ಕೊಡವಿ, ತಲೆಗಿಟ್ಟುಕೊಂಡ. ದಾಜು ಓಡಿಬಂದು ತಬ್ಬಿಕೊಂಡ, ನಾನು ಅಳುತ್ತಾ ನಗುತ್ತಾ ಫೋಟೊ ತೆಗೆಯುತ್ತಿದ್ದೆ.

ಅಪ್ಪ ಫೋಟೊಗೆ ಮುಖ ಕೊಡಲಿಲ್ಲ. ಹಿಂದಕ್ಕೆ ತಿರುಗಿ ನಮ್ಮ ದೇಶದ ಕಮಾನನ್ನು, ನಾವು ಬಂದ ರಸ್ತೆಯನ್ನು, ಚಹದ ಗಾಡಿಗಳನ್ನು, ಜನರನ್ನು ನೋಡುತ್ತಾ ನಿಂತ.

"ಗಡಿ ಕಾದಷ್ಟು ವರ್ಷ ಇದಕ್ಕೆ ಬೆನ್ನು ಹಾಕಿಯೇ ನಿಂತದ್ದು" ಎಂದ. "ಮುಖ ಕಂಡದ್ದು ಇವತ್ತೇ."