ಗೆಣಸಿನ ಮದುವೆ ಊಟ

ಶಿವರಾತ್ರಿ ಉಪವಾಸಕ್ಕೆ ಗೆಣಸು ಬೇಯಿಸದ ಮನೆ ಬೆಳಗಾವಿ ಸೀಮೆಯಲ್ಲಿ ಇದ್ದರೆ ಅದು ನಮ್ಮ ಪಾರವ್ವತ್ತೆಯ ಮನೆ. ಸಾಬೂದಾನಿ ಮಾಡುತ್ತಾರೆ, ಬಾಳೆಹಣ್ಣು ತಿನ್ನುತ್ತಾರೆ. ಗೆಣಸು ಮಾತ್ರ ಹೊಸ್ತಿಲು ದಾಟುವುದಿಲ್ಲ. ಅದೂ ಎಲ್ಲಿ? ಖಾನಾಪುರ ತಾಲ್ಲೂಕಿನ ಬೀಡಿ ಎಂಬ ಊರಿನಲ್ಲಿ. ಸುತ್ತಲಿನ ಹೊಲಗಳಲ್ಲಿ ಗೆಣಸಿನ ಬಳ್ಳಿ ಹಬ್ಬಿರುವ ಕಡೆ!

ಅತ್ತೆಗೆ ಅದು ವಾಯು ಎಂದು ನಾವೆಲ್ಲ ತಿಳಿದಿದ್ದೆವು. (ನಮ್ಮ ಮನೆತನದಲ್ಲಿ ಯಾರು ಏನನ್ನು ಬೇಡವೆಂದರೂ ಕಾರಣ ವಾಯುವೇ.) ನಿಜವಾದ ಕಾರಣ ಗೊತ್ತಾಗಿದ್ದು ಈ ಚಳಿಗಾಲದಲ್ಲಿ, ಅವರ ಮೊಮ್ಮಗಳು ದೀಪಾಳ ಮದುವೆಗೆ ಏನೇನು ಅಡುಗೆ ಎಂದು ಮಾತಾಡಲು ಕೂತಾಗ.

ಪಾರವ್ವತ್ತೆ ನನ್ನ ಅಪ್ಪನ ಅಕ್ಕ. ಮಾತಿನಲ್ಲಿ ಗಟ್ಟಿ. ಅವರ ಗಂಡ, ನಮ್ಮ ಮಾಮಾ, ತದ್ವಿರುದ್ಧ. ಚಹಾ ಬೇಕಾದರೂ ಕೇಳುವವರಲ್ಲ, ಒಲೆಯ ಕಡೆ ನೋಡುತ್ತಾರೆ ಅಷ್ಟೆ. ದೀಪಾ ಬೆಳಗಾವಿಯ ಶಿವಬಸವ ನಗರದ ನಮ್ಮ ಮನೆಯಲ್ಲಿದ್ದುಕೊಂಡು ಮಚ್ಛೆಯ ಫ್ಯಾಕ್ಟರಿಯೊಂದಕ್ಕೆ ಕೆಲಸಕ್ಕೆ ಹೋಗುವ ಹುಡುಗಿ. ಅವಳನ್ನು ಕರೆದುಕೊಂಡು ಒಂದು ಭಾನುವಾರ ಬೀಡಿಗೆ ಹೋಗಿದ್ದೆ.

"ಆಯೀ, ನಂದು ಸಾದಾ ಲಗ್ನ. ಪನೀರು, ಕಾಜು ಏನೂ ಬ್ಯಾಡ. ಎಲ್ಲಾ ನಮ್ಮ ಕಡೀದ ಅಡಗಿ. ಗೆಣಸಿನ ಪಾಯಸ, ಗೆಣಸಿನ ರೊಟ್ಟಿ..." ದೀಪಾ ಅಜ್ಜಿಗೆ ಉತ್ಸಾಹದಿಂದ ಹೇಳುತ್ತ ಹೋದಳು.

"ಗೆಣಸಿನ ಮಾತು ತಗೀಬ್ಯಾಡ."

"ಯಾಕ? ಈಗ ಜಿಮ್ಮಿಗೆ ಹೋಗೋರು ಅದನ್ನ ತಿಂತಾರ. ಹೆಲ್ದಿ ಐತಿ ಆಯೀ."

"ತಿನ್ನೋರು ತಿನ್ಲಿ. ಲಗ್ನದ ಪಂಗ್ತ್ಯಾಗ ಗೆಣಸು ನೀಡಿದ್ರ ಏನಾಗ್ತೈತಿ ಅಂತ ನಾ ನೋಡೇನಿ."

ಎಲ್ಲಿ ನೋಡಿದ್ದು? ತಮ್ಮದೇ ಮದುವೆಯಲ್ಲಿ.

ಅರವತ್ತೈದರ ಯುದ್ಧ ಮುಗಿದಿತ್ತು, ಅದರ ತಾಪತ್ರಯ ಮುಗಿದಿರಲಿಲ್ಲ. ಅಂಗಡಿಯಲ್ಲಿ ಒಳ್ಳೆಯ ಜೋಳ ಸಿಗದು. ರೇಷನ್ನಿನಲ್ಲಿ ಸಿಗುತ್ತಿದ್ದುದು ಹಡಗಿನಲ್ಲಿ ಬಂದ ಕೆಂಪು ಜೋಳ. ಅಕ್ಕಿ, ಸಕ್ಕರೆ ಅಳತೆಯ ಮೇಲೆ. ಮದುವೆಗಳಲ್ಲಿ ಇಂತಿಷ್ಟೇ ಜನಕ್ಕೆ ಊಟ ಹಾಕಬೇಕೆಂಬ ಸರ್ಕಾರದ ಕಟ್ಟು ಬೇರೆ. ಆದರೆ ಬೀಗರು ಕಟ್ಟು ನೋಡಿ ಬರುತ್ತಾರೆಯೇ? ಗಾಡಿಗಟ್ಟಲೆ ಬಂದರು.

ಖಾನಾಪುರದಲ್ಲಿದ್ದ ನನ್ನಜ್ಜಿ, ಅಂದರೆ ಪಾರವ್ವತ್ತೆಯ ತಾಯಿ, ಹೆದರಲಿಲ್ಲ. ಅಕ್ಕಿ ಇಲ್ಲದಿದ್ದರೇನು, ತುಳಸಿ ಲಗ್ನ ಆಗಷ್ಟೇ ಮುಗಿದು ಹೊಲದಲ್ಲಿ ಗೆಣಸು ಅಗೆಯುವ ಕಾಲ. ಕೆಂಪು ಜೋಳದ ಹಿಟ್ಟಿಗೆ ಜಿಗುಟು ಇಲ್ಲ, ತಟ್ಟಿದರೆ ರೊಟ್ಟಿ ಹರಿಯುತ್ತದೆ. ಅಜ್ಜಿ ಗೆಣಸು ಬೇಯಿಸಿ, ಹಿಸುಕಿ, ಬಿಸಿ ಇರುವಾಗಲೇ ಹಿಟ್ಟಿಗೆ ಸೇರಿಸಿ ನಾದಿದರು. ರೊಟ್ಟಿ ಹರಿಯದೆ ಎದ್ದಿತು. ಗೆಣಸಿನ ಬಳ್ಳಿಯ ಎಳೆಕುಡಿಗೆ ಬೆಳ್ಳುಳ್ಳಿ ಒಗ್ಗರಣೆ ಹಾಕಿ ಪಲ್ಯ. ಶೇಂಗಾ ನೆನೆಸಿ ರುಬ್ಬಿ ಸಾರು. ಪಾಯಸಕ್ಕೆ ಹಾಲು ಸಾಲದು ಅಂತ ಅದೇ ಶೇಂಗಾ ಹಾಲು, ಅದಕ್ಕೆ ಗೆಣಸು, ಬೆಲ್ಲ, ಒಂದಿಷ್ಟು ಏಲಕ್ಕಿ. ಬಂದವರು ಯಾರೂ ಹಸಿದು ಹೋಗಬಾರದು, ಅಷ್ಟೇ ಲೆಕ್ಕ.

ಪಂಕ್ತಿ ಕೂತಿತು. ಪಾಯಸ ಬಡಿಸಿ ಮುಗಿಯುವಷ್ಟರಲ್ಲಿ ಗಂಡಿನ ಕಾಕಾ, ಅಂದರೆ ಚಿಕ್ಕಪ್ಪ, ಎದ್ದು ನಿಂತರು.

"ನಮಗೇನು ಇವತ್ತ ಉಪಾಸ ಐತೇನು, ಗೆಣಸು ತಿನ್ನಾಕ?"

ಮನೆತನದ ಹಿರಿಯರು ಎದ್ದ ಮೇಲೆ ಉಳಿದವರು ಕೂತಾರೆಯೇ? ಗಂಡಿನ ಕಡೆಯ ಸಾಲು ಪೂರ್ತಿ ಎದ್ದಿತು. ಮದುಮಗನೂ ಎದ್ದ.

"ನಮ್ಮವ್ವ ಪಾಯಸದ ಪಾತೇಲಿ ಹಿಡಕೊಂಡ ನಿಂತಿದ್ಲು. ಯಾರ ಮುಂದ ಇಳಸಬೇಕು ಅಂತ ಆಕಿಗೆ ತಿಳೀಲಿಲ್ಲ," ಎಂದರು ಅತ್ತೆ.

ಅಳಲಿಲ್ಲ. ಸೊಪ್ಪು ಸೋಸುತ್ತಾ ಹೇಳಿದರು. ಗಂಡನ ಮನೆಗೆ ಬಂದ ಮೇಲೆ ಅವರಿಗೆ ಪಾರವ್ವ ಎಂಬ ಹೆಸರು ಹೋಗಿ ಗೆಣಸವ್ವ ಎಂಬ ಹೆಸರು ಬಂತು. ಗೆಣಸವ್ವ ನೀರು ತಾ. ಗೆಣಸವ್ವ ದನಕ್ಕೆ ಹುಲ್ಲು ಹಾಕು. ಕಾಕಾ ತೀರಿಕೊಳ್ಳುವವರೆಗೂ ಅದೇ ಹೆಸರು.

ಆಗ ಬಾಗಿಲ ಬಳಿ ಕುರ್ಚಿಯಲ್ಲಿದ್ದ ಮಾಮಾ ಬಾಯಿ ಬಿಟ್ಟರು.

"ಪಾಯಸ ರುಚಿ ಇತ್ತು."

ನಾವು ಮೂವರೂ ಅವರ ಕಡೆ ತಿರುಗಿದೆವು.

"ಕಾಕಾಗ ಅಂಜಿ ನಾನೂ ಎದ್ದೆ. ಆದ್ರ ರುಚಿ ಇತ್ತು. ಇನ್ನೊಂದೀಟು ಹಾಕಿಸ್ಕೋಬೇಕು ಅಂತ ಇದ್ದೆ."

ಸಿನಿಮಾ ಆಗಿದ್ದರೆ ಇಲ್ಲಿ ಅತ್ತೆಯ ಕಣ್ಣು ತುಂಬಿ, ಮಾಮಾನ ಕೈ ಹಿಡಿಯಬೇಕಿತ್ತು. ಬೀಡಿಯಲ್ಲಿ ಹಾಗೆ ಆಗಲಿಲ್ಲ. ಅತ್ತೆ ಸೊಪ್ಪಿನ ಬುಟ್ಟಿ ಬದಿಗೆ ಸರಿಸಿದರು.

"ಈಗ ಹೇಳ್ತೀರೇನ್ರೀ? ನಮ್ಮವ್ವ ಸತ್ತು ಎಷ್ಟ ಕಾಲ ಆತು! ಆಕಿ ಇದ್ದಾಗ ಈ ಒಂದ ಮಾತು ಹೇಳಿದ್ರ ನಿಮ್ಮ ಗಂಟೇನ್ ಹೋಗ್ತಿತ್ತು?"

ಎದ್ದು ಒಳಗೆ ಹೋದರು. ನಾವು ಊಟ ಮಾಡಿ ಬಸ್ ಹಿಡಿದೆವು. ಬೆಳಗಾವಿ ಹತ್ತಿರ ಬಂದಾಗ ದೀಪಾ, "ಗೆಣಸು ಕ್ಯಾನ್ಸಲ್ ಮಾಡೂಣು ಬಿಡ್ರಿ," ಎಂದಳು.

ಈಗ ಯುದ್ಧಕಾಲದ ಅಡುಗೆಗೆ ಬೇಡಿಕೆ ಬಂದಿದೆ, ಗಮನಿಸಿದ್ದೀರಾ? ಮೊಬೈಲ್ ತೆರೆದರೆ ಸಾಕು, ಸಿಪ್ಪೆಯ ಚಟ್ನಿ, ಉಳಿದ ರೊಟ್ಟಿಗೆ ಬೆಳ್ಳುಳ್ಳಿ ಹಾಕಿ ಕುಟ್ಟಿದ ಮುಟಗಿ, ಸಕ್ಕರೆ ಇಲ್ಲದ ಸಿಹಿ. ಒಳ್ಳೆಯದೇ. ನಾನೂ ನೋಡುತ್ತೇನೆ, ಮಾಡುತ್ತೇನೆ. ಆದರೆ ನಾವು ಬೇಕೆಂದು ಮಾಡುವುದನ್ನು ಅವರು ಬೇರೆ ದಾರಿಯಿಲ್ಲದೆ ಮಾಡಿದ್ದರು. ಪಾತ್ರೆ ಹಿಡಿದು ನಿಂತವರ ಮುಖ ಯಾವ ವಿಡಿಯೊದಲ್ಲೂ ಕಾಣುವುದಿಲ್ಲ.

ಆ ವಾರದ ಕೊನೆಗೆ ಅತ್ತೆಯ ಫೋನ್ ಬಂತು.

"ಗೆಣಸಿನ ಅಡಗೀನ ಇರ್ಲಿ ಅಂತ ದೀಪಾಗ ಹೇಳು. ನಮ್ಮವ್ವ ಮಾಡಿದಂಗ ಮಾಡಬೇಕು. ಆದ್ರ ಅವತ್ತ ನಿಮ್ಮ ಮಾಮಾ ಎಲ್ಲಾರ ಮುಂದ ಎದ್ದ ನಿಂತು ಆ ಮಾತು ಹೇಳಬೇಕು."

"ಮಾಮಾ ಒಪ್ಪ್ಯಾರೇನತ್ತಿ?"

"ಒಪ್ಪದ ಎಲ್ಲಿ ಹೋಗ್ತಾರ?"

ಮದುವೆ ಖಾನಾಪುರದ ಹಾಲ್‌ನಲ್ಲಿ ನಡೆಯಿತು. ಕಾಕಾನ ಮಕ್ಕಳು, ಮೊಮ್ಮಕ್ಕಳೆಲ್ಲ ಬಂದಿದ್ದರು. ಗೆಣಸು ಸೇರಿಸಿದ ರೊಟ್ಟಿ, ಕುಡಿಯ ಪಲ್ಯ, ಶೇಂಗಾ ಸಾರು. ಪಾಯಸ ಬಡಿಸಿ ಆದ ಮೇಲೆ ಮಾಮಾ ಎದ್ದರು. ಮೈಕ್ ಕೊಡಲು ಬಂದವರಿಗೆ ಬೇಡವೆಂದರು.

"ನನ್ನ ಲಗ್ನದಾಗೂ ಇದ ಊಟ ಇತ್ತು," ಎಂದರು. "ನಾವು ಎಲಿ ಬಿಟ್ಟ ಎದ್ದಿವಿ. ಊಟ ಛಲೋ ಇತ್ತು. ಎದ್ದದ್ದು ತಪ್ಪಾತು."

ಹೆಂಗಸರ ಸಾಲಿನಿಂದ ಅತ್ತೆಯ ದನಿ ಬಂತು.

"ಜೋರಾಗಿ ಹೇಳ್ರಿ. ಹಿಂದ ಕುಂತವ್ರಿಗೆ ಕೇಳವಲ್ದು."

ಮಾಮಾ ಇನ್ನೊಮ್ಮೆ ಹೇಳಿದರು, ಜೋರಾಗಿ. ಕಾಕಾನ ಹಿರಿಯ ಮಗ, ಅವರಿಗೂ ಈಗ ತಲೆ ನೆರೆತಿದೆ, ತುಸು ಹೊತ್ತು ಎಲೆ ನೋಡಿಕೊಂಡು ಕೂತರು. ಮತ್ತೆ ಊಟಕ್ಕೆ ಕೈ ಹಾಕಿದರು. ಏಳಲಿಲ್ಲ.

ಅತ್ತೆ ಪಾಯಸ ತಿಂದರು. "ಬೆಲ್ಲ ಜಾಸ್ತಿ ಆಗೈತಿ," ಎಂದು ನನಗಷ್ಟೇ ಕೇಳುವಂತೆ ಹೇಳಿ ಬಟ್ಟಲು ಖಾಲಿ ಮಾಡಿದರು.

ಅಕ್ಕಿಗೆ, ಸಕ್ಕರೆಗೆ ಆಗ ಸರ್ಕಾರದ ಕಟ್ಟು ಇತ್ತು, ಒಪ್ಪೋಣ. ಹೆಂಡತಿಯ ಪರವಾಗಿ ಒಂದು ಮಾತು ಆಡಬಾರದೆಂದು ಕಟ್ಟು ಹಾಕಿದ್ದು ಯಾವ ಸರ್ಕಾರ?