ಮೂರು ಭಾನುವಾರ ಬಾಯಿ ಮುಚ್ಚಿಕೊಂಡವನು

ನನ್ನ ಅಕ್ಕನ ಮದುವೆಯನ್ನು ನಿಲ್ಲಿಸಬಹುದಾಗಿದ್ದ ಒಂದು ಮಾತು ನನಗೆ ಗೊತ್ತಿತ್ತು. ನಾನು ಅದನ್ನು ಆಡಲಿಲ್ಲ. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಹೇಳಲು ಹೊರಟರೆ ಕೊನೆಗೆ ನನ್ನನ್ನೇ ಒಳ್ಳೆಯವನನ್ನಾಗಿ ಮಾಡಿಕೊಂಡುಬಿಡುತ್ತೇನೆ. ಆ ಕೆಲಸದಲ್ಲಿ ನನಗೆ ಇಪ್ಪತ್ತನಾಲ್ಕು ವರ್ಷಗಳ ಅಭ್ಯಾಸವಿದೆ.

ಹೋದ ತಿಂಗಳ ಒಂದು ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಯುವ ಹೊತ್ತಿಗೆ ನಮ್ಮ ಹೊಸ ಸ್ವಾಮಿಗಳು, ಅಂದರೆ ಪಾದ್ರಿಗಳು, ಕನ್ನಡಕ ಸರಿಮಾಡಿಕೊಂಡು ಒಂದು ಚೀಟಿ ಓದಿದರು. ಅಕ್ಕ ಲೂರ್ದಮ್ಮನ ಮಗಳು ಸೆಲಿನ್‌ಗೂ ಎಚ್.ಡಿ. ಕೋಟೆ ಕಡೆಯ ಒಬ್ಬ ಹುಡುಗನಿಗೂ ಮದುವೆ ನಿಶ್ಚಯವಾಗಿದೆ, ಈ ಮದುವೆಗೆ ಅಡ್ಡಿಯೇನಾದರೂ ಇರುವುದು ಯಾರಿಗಾದರೂ ಗೊತ್ತಿದ್ದರೆ ಗುರುಗಳಿಗೆ ತಿಳಿಸತಕ್ಕದ್ದು ಎಂದು. ನಿಮ್ಮಲ್ಲಿ ಈ ಪದ್ಧತಿ ಇಲ್ಲದಿರಬಹುದು. ನಮ್ಮ ಚರ್ಚಿನಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಎಲ್ಲರ ಎದುರಿಗೆ ಹೀಗೆ ಓದುತ್ತಾರೆ. ಗೊತ್ತಿದ್ದೂ ಹೇಳದಿದ್ದರೆ ಪಾಪ. ಆದರೆ ಆ ಹೊತ್ತಿನಲ್ಲಿ ಯಾರೂ ಕಿವಿಗೊಡುವುದಿಲ್ಲ. ಹೆಂಗಸರು ಮಕ್ಕಳ ಮೂಗು ಒರೆಸುತ್ತಾರೆ. ಗಂಡಸರು ಹೊರಗೆ ಬಿಟ್ಟ ಚಪ್ಪಲಿಯ ಕಡೆ ನೋಡುತ್ತಾರೆ. ಅಂದು ನಾನೊಬ್ಬನೇ ಬೆವತೆ. ಹೆಂಗಸರ ಸಾಲಿನಲ್ಲಿ ಅಕ್ಕ ತಲೆಯ ಮೇಲಿನ ಸೆರಗನ್ನು ಎಳೆದುಕೊಂಡು, ಪರೀಕ್ಷೆಯಲ್ಲಿ ಪಾಸಾದವಳ ಹಾಗೆ ನಗುತ್ತಿದ್ದಳು.

ನಾನು ಓದಿದ್ದು ಆರನೆಯ ಕ್ಲಾಸು. ನಮ್ಮೂರು ರಾವಂದೂರಿನ ಕಡೆ. ಪ್ರಾಯದಲ್ಲಿ ಎರಡು ವರ್ಷ ಕೊಡಗಿನ ಒಂದು ತೋಟಕ್ಕೆ ಕಾಫಿ ಕುಯ್ಯಲು ಹೋಗುತ್ತಿದ್ದೆ. ಅಲ್ಲಿ ಆಳುಗಳ ಹಾಜರಿ ಬರೆಯುತ್ತಿದ್ದವನು ಚೌರಪ್ಪ, ಹಾರನಹಳ್ಳಿ ಕಡೆಯವನು, ನಮ್ಮ ಜನವೇ. ಇಸ್ತ್ರಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಒಂದು ದಿನ ಸೀಮೆಎಣ್ಣೆ ಕೇಳಲು ಅವನ ಮನೆಗೆ ಹೋದಾಗ ಬಾಗಿಲು ತೆರೆದವಳು ಒಬ್ಬ ಹೆಂಗಸು. ಸೊಂಟದ ಮೇಲೆ ಮಗು. ಮಗುವಿನ ಹಣೆ, ಮೂಗು, ಕೋಪ ಮಾಡಿಕೊಳ್ಳುವ ರೀತಿ ಎಲ್ಲವೂ ಚೌರಪ್ಪನದೇ. “ಅವ್ರು ಸ್ನಾನಕ್ಕೋಗವ್ರೆ, ಕೂತ್ಕಳಿ” ಎಂದು ಆಕೆ ಟೀ ಕೊಟ್ಟಳು. ನಾನು ಕುಡಿದೆ. ಬೆಲ್ಲದ ಟೀ, ಚೆನ್ನಾಗಿತ್ತು.

ಮರುವರ್ಷ ಅಪ್ಪ ಅಕ್ಕನಿಗೆ ಗಂಡು ಗೊತ್ತುಮಾಡಿಕೊಂಡು ಬಂದರು. ಹುಡುಗ ಮನೆಗೆ ಬಂದಾಗ ನೋಡಿದರೆ ಅದೇ ಇಸ್ತ್ರಿ ಅಂಗಿ, ಅದೇ ಎರಡು ಪೆನ್ನು. ಅವನು ನನ್ನನ್ನು ಕಂಡು ಒಂದು ಗಳಿಗೆ ಬಿಳಿಚಿಕೊಂಡ. ಆಮೇಲೆ ಹಿತ್ತಲಿಗೆ ಕರೆದುಕೊಂಡು ಹೋಗಿ ಹೆಗಲ ಮೇಲೆ ಕೈ ಹಾಕಿದ. “ಏನ್ ಬಾಮೈದ, ತೋಟದ ಮಾತು ತೋಟದಲ್ಲೇ ಇರ್ಲಿ. ಅದೆಲ್ಲಾ ಮುಗ್ದೋಗದೆ ಕಣೋ” ಅಂದ. ನನ್ನನ್ನು ಅದುವರೆಗೆ ಯಾರೂ ಬಾಮೈದ ಅಂದಿರಲಿಲ್ಲ. ನಾಚಿಕೆಗೆಟ್ಟವನು ನಾನು, ನನಗೆ ಅದು ಹಿತವಾಯಿತು. ನಾನು ಕುಯ್ಯಲು ಹೋಗುತ್ತಿದ್ದದ್ದು ಅವನ ತೋಟಕ್ಕೇ ಎಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ.

ಅದಕ್ಕಿಂತ ದೊಡ್ಡ ಕಾರಣ ಬೇರೆ ಇತ್ತು. ಕೆ.ಆರ್. ನಗರದ ಸ್ಟೆಲ್ಲಾಳನ್ನು ನಾನು ಮದುವೆಯಾಗಬೇಕೆಂದಿದ್ದೆ. ಅವಳ ಅಪ್ಪ, “ಮನೇಲಿ ವಯಸ್ಸಿಗೆ ಬಂದ ಅಕ್ಕ ಇರುವಾಗ ನಮ್ ಹುಡುಗೀನ ಕೊಡಾಕಿಲ್ಲ. ಮೊದ್ಲು ಅವ್ಳದಾಗ್ಲಿ” ಅಂದಿದ್ದರು. ಅಕ್ಕನದು ನಿಂತರೆ ನನ್ನದೂ ನಿಲ್ಲುತ್ತದೆ. ಲೆಕ್ಕ ಅಷ್ಟೇ. ಆರನೆಯ ಕ್ಲಾಸು ಸಾಕಾಯಿತು ಅದಕ್ಕೆ.

ಮೊದಲ ಭಾನುವಾರ ಅಕ್ಕನ ಹೆಸರು, ಚೌರಪ್ಪನ ಹೆಸರು ಓದಿದಾಗ ನಾನು ನನ್ನೊಳಗೇ ವಕೀಲನಾದೆ. ಆ ತೋಟದ ಹೆಂಗಸಿಗೆ ಅವನು ಚರ್ಚಿನಲ್ಲಿ ತಾಳಿ ಕಟ್ಟಿಲ್ಲವಲ್ಲ, ಹಾಗಾದರೆ ಅದು ಅಡ್ಡಿ ಹೇಗಾದೀತು ಎಂದು ವಾದಿಸಿದೆ. ಎರಡನೆಯ ಭಾನುವಾರ ಮನಸ್ಸು ಕುಟುಕಿ, ಪೂಜೆ ಮುಗಿದ ಮೇಲೆ ಸ್ವಾಮಿಗಳು ಬಟ್ಟೆ ಬದಲಿಸುವ ಕೋಣೆಯ ಬಾಗಿಲಿಗೆ ಹೋಗಿ ನಿಂತೆ. ಆಗಿನ ಸ್ವಾಮಿಗಳು ವಯಸ್ಸಾದವರು. “ಏನಪ್ಪಾ?” ಅಂದರು.

“ಗಂಟೆ ಹಗ್ಗ ಸವೆದೋಗದೆ ಸ್ವಾಮಿ” ಅಂದೆ.

“ಒಳ್ಳೇದಾಯ್ತು ಹೇಳಿದ್ದು. ಹೊಸದು ಹಾಕಿಸೋಣ” ಅಂದರು.

ಹೊಸ ಹಗ್ಗ ಬಂತು. ಮೂರನೆಯ ಭಾನುವಾರ ಅದನ್ನು ಹಿಡಿದು ಗಂಟೆ ಬಾರಿಸಿದವನೂ ನಾನೇ. ಅಂದು ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದವನೂ ನಾನೇ. ಅಕ್ಕನ ಮದುವೆಯಾಯಿತು. ಎರಡು ತಿಂಗಳಿಗೆ ನನ್ನದೂ ಆಯಿತು.

ಸೆಲಿನ್ ಹುಟ್ಟಿ ಎರಡು ವರ್ಷಕ್ಕೆ ಅಕ್ಕ ಮಗುವನ್ನೆತ್ತಿಕೊಂಡು ಒಂದು ಮಧ್ಯಾಹ್ನ ಬಸ್ಸಿಳಿದು ನಮ್ಮ ಮನೆಗೆ ಬಂದಳು. ಚೌರಪ್ಪ ಅವಳನ್ನು ತನ್ನ ಊರಿನ ಮನೆಯಲ್ಲಿ ಬಿಟ್ಟು, ಹಬ್ಬಕ್ಕೆ ಎರಡು ದಿನ ಬಂದು ಹೋಗುವ ನೆಂಟನಾಗಿದ್ದ. ಯಾಕೆಂದು ನೋಡಲು ಅವಳೇ ತೋಟಕ್ಕೆ ಹೋಗಿದ್ದಳು. ಜಗಲಿಯ ಮೇಲೆ ಕುಳಿತು, ನೀರು ಕೂಡ ಕುಡಿಯದೆ, “ಅಲ್ಲಿ ಇನ್ನೊಂದ್ ಸಂಸಾರ ಅದೆ ಕಣ್ಲಾ. ಅವ್ಳ್ ಮಗ ಇಸ್ಕೂಲಿಗೆ ಓಯ್ತಾವ್ನೆ” ಅಂದಳು. ಎದುರಿಗೆ ನಿಂತಿದ್ದ ನಾನು ಏನು ಮಾಡಿದೆ ಗೊತ್ತೇ? ಬಾಯಿ ತೆರೆದು, ಕಣ್ಣರಳಿಸಿ, “ಹೌದೇನಕ್ಕ!” ಅಂದೆ. ನಾಟಕದವರು ನನ್ನಿಂದ ಕಲಿಯಬೇಕು. ಮದುವೆಗೆ ಮುಂಚೆ ಸುಮ್ಮನಿದ್ದದ್ದು ಹೇಡಿತನ ಅನ್ನೋಣ. ಇದು ಹೇಡಿತನವಲ್ಲ, ಬೇರೆ. ಅದಕ್ಕೆ ನನ್ನ ಬಳಿ ಪದವಿಲ್ಲ.

ಅಲ್ಲಿಗೂ ನಿಲ್ಲಿಸಲಿಲ್ಲ. ಅವಳು ವಾಪಸ್ಸು ಹೋಗುವುದಿಲ್ಲ ಅಂದಾಗ ಮನೆಯಲ್ಲಿ ಜಾಗದ ಯೋಚನೆ ಬಂತು, ಸ್ಟೆಲ್ಲಾ ಬಸುರಿಯಾಗಿದ್ದಳು. ನಾನು ಅಕ್ಕನ ಪಕ್ಕದಲ್ಲಿ ಕುಳಿತು ಮೆತ್ತಗೆ, ಉಪದೇಶಿಯ ದನಿಯಲ್ಲಿ, “ದೇವ್ರು ಕೊಟ್ಟ ಶಿಲುಬೆ ಕಣಕ್ಕ. ಹೊರಬೇಕು. ಯೇಸುಸ್ವಾಮಿ ಹೊರನಿಲ್ವಾ?” ಅಂದೆ.

ಯೋಚಿಸಿ ನೋಡಿ. ಹೊರಿಸಿದವನು ನಾನು, ಹೆಸರು ದೇವರದು. ಆ ಮಾತನ್ನು ನೆನೆದರೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಅಕ್ಕ ನನ್ನ ಮುಖವನ್ನೇ ನೋಡಿದಳು. ನಂಬಿದಳು. ಎದ್ದು ಹೋದಳು. ವರ್ಷದೊಳಗೆ ಚೌರಪ್ಪ ಹಬ್ಬಕ್ಕೆ ಬರುವುದನ್ನೂ ನಿಲ್ಲಿಸಿದ. ಆಮೇಲೆ ಅವಳು ನಮ್ಮೂರಿಗೇ ಬಂದು ಬೇರೆ ಮನೆ ಮಾಡಿ, ಹೊಗೆಸೊಪ್ಪಿನ ಕೂಲಿ ಮಾಡಿ ಮಗಳನ್ನು ಸಾಕಿದಳು.

ಊರಿನವರ ಮೇಲೂ ನನಗೆ ಸಿಟ್ಟಿದೆ. ಎಲ್ಲರೂ ಸೇರಿ ಅಕ್ಕನನ್ನು ಪುಣ್ಯವಂತೆಯನ್ನಾಗಿ ಮಾಡಿಬಿಟ್ಟರು. “ಏನ್ ತಾಳ್ಮೆ ನಮ್ ಲೂರ್ದಮ್ಮಂದು!” ಅನ್ನುವವರು ಒಬ್ಬರೂ ಚೌರಪ್ಪನ ಅಂಗಿ ಹಿಡಿದು ಕೇಳಲಿಲ್ಲ. ಒಂದು ಸಲ ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ ಸ್ವಾಮಿಗಳೊಬ್ಬರು ಪೂಜೆಯ ನಡುವಿನ ಪ್ರಸಂಗದಲ್ಲಿ ಅವಳ ಹೆಸರು ಹೇಳದೆ ಅವಳನ್ನೇ ಹೊಗಳಿದರು. ಎಲ್ಲರೂ ತಿರುಗಿ ಅವಳನ್ನು ನೋಡಿದರು. ನಾನೂ ತಲೆದೂಗಿದೆ. ಅಕ್ಕ ಮಾತ್ರ ನೆಲ ನೋಡುತ್ತಿದ್ದಳು. ಹೊರಗೆ ಬಂದ ಮೇಲೆ, “ನನ್ ಗೋಳ ಇವ್ರ ಪ್ರಸಂಗಕ್ಕೆ ಯಾಕ್ಲಾ ಆಕ್ಕತಾರೆ?” ಅಂದಳು. ಹಾಗನ್ನಬಾರದು ಎಂದು ನಾನು ಬುದ್ಧಿ ಹೇಳಿದೆ.

ಬುದ್ಧಿ ಹೇಳುವುದು ನನ್ನ ಕಸುಬೇ ಆಗಿಹೋಗಿತ್ತು. ಮನೆಮನೆಯಲ್ಲಿ ಮಣಿ ಎಣಿಸಿ ಹೇಳುವ ಜಪಸರದಲ್ಲಿ ಪ್ರಾರ್ಥನೆ ಹೇಳಿಸುವವನು ನಾನು. ಸಾವಿನ ಮನೆಯಲ್ಲಿ ಮೊದಲು ಮಂಡಿಯೂರುವವನು ನಾನು. ನನ್ನ ಮಂಡಿಯ ಕಪ್ಪು ಗಟ್ಟಿ ಚರ್ಮ ನೋಡಿ ಡಾಕ್ಟರು, “ಗಾರೆ ಕೆಲಸಾನಾ?” ಎಂದು ಕೇಳಿದ್ದರು. ಅದನ್ನು ನಾನು ಹತ್ತು ಜನಕ್ಕೆ ಹೇಳಿಕೊಂಡು ತಿರುಗಿದ್ದೇನೆ. ಅದೇ ಜಪದಲ್ಲಿ, ನಮಗೆ ತಪ್ಪು ಮಾಡಿದವರನ್ನು ಕ್ಷಮಿಸುವ ಮಾತು ಬಂದಾಗಲೆಲ್ಲ ಅಕ್ಕನ ತುಟಿ ನಿಂತುಬಿಡುತ್ತಿತ್ತು. ಒಂದು ದಿನ ಎಲ್ಲರೆದುರೇ, “ಅಕ್ಕ, ಪೂರ್ತಿ ಹೇಳ್ಬೇಕು” ಅಂದೆ. ಅವಳು, “ಮನಸ್ಸಿಗೆ ಬಂದ್ ದಿನ ಯೋಳ್ತೀನಿ. ದೇವ್ರ್ ಮುಂದೆ ಸುಳ್ಳಾಡಕಾಗಲ್ಲ. ನೀ ಮುಂದುಕ್ ಓಗು” ಅಂದಳು. ಜನ ನಕ್ಕರು. ಇಡೀ ಕೋಣೆಯಲ್ಲಿ ನಿಜವಾಗಿ ಪ್ರಾರ್ಥಿಸುತ್ತಿದ್ದವಳು ಅವಳೊಬ್ಬಳೇ ಎಂದು ನನಗೆ ಹೊಳೆಯಲು ಇಷ್ಟು ವರ್ಷ ಬೇಕಾಯಿತು.

ಹಾಗಾದರೆ ಸ್ವಾಮಿಗಳ ಕಿವಿಯಲ್ಲಿ ಪಾಪನಿವೇದನೆ ಮಾಡಲಿಲ್ಲವೇ ಎಂದು ನೀವು ಕೇಳಬಹುದು. ಮಾಡಿದೆನಲ್ಲ! ಪ್ರತಿವರ್ಷ ಈಸ್ಟರ್‌ಗೆ ಮುಂಚೆ. ‘ಒಬ್ಬರಿಗೆ ಸಂಬಂಧಪಟ್ಟ ವಿಷಯದಲ್ಲಿ ಸತ್ಯ ಮುಚ್ಚಿಟ್ಟೆ’ ಎಂದು, ಯಾರು, ಏನು ಎನ್ನದೆ. ನಮ್ಮೂರಿಗೆ ಬಂದ ಪ್ರತಿ ಹೊಸ ಸ್ವಾಮಿಗಳಿಗೂ ಹೊಸದಾಗಿ ಹೇಳಿದ್ದೇನೆ. ಅವರು ಹೇಳುವ ಪ್ರಾಯಶ್ಚಿತ್ತ ಹತ್ತು ನಮೋ ಮರಿಯ ಜಪ, ಒಂದು ಸಲ ಶಿಲುಬೆ ಹಾದಿಯ ಪ್ರಾರ್ಥನೆ, ಮುಗಿಯಿತು. ಹಗುರಾಗಿ ಮನೆಗೆ ಬಂದು ಹೊಟ್ಟೆ ತುಂಬ ಊಟ ಮಾಡುತ್ತಿದ್ದೆ. ಅದೇ ಹೊತ್ತಿನಲ್ಲಿ ನಾಲ್ಕು ಮನೆ ಆಚೆ ಅಕ್ಕ ತನಗೂ ಮಗಳಿಗೂ ಮಾತ್ರ ಮುದ್ದೆ ತಿರುವುತ್ತಿದ್ದಳು. ಸ್ವಾಮಿಗಳ ತಪ್ಪಿಲ್ಲ. ಅವರಿಗೆ ನಾನು ಕೊಟ್ಟದ್ದು ಅರ್ಧ ಮಾತು.

ಈಗ ಸೆಲಿನ್‌ಳ ವಿಷಯ. ಮೊದಲ ಪ್ರಕಟಣೆ ಓದಿದ ಆ ಭಾನುವಾರ ಚರ್ಚಿನ ಅಂಗಳದಲ್ಲಿ ಅಕ್ಕ ನನ್ನ ತೋಳು ಹಿಡಿದು, “ನೀನೊಂದ್ಸಲ ಓಗಿ ಹುಡುಗನ್ ಇಚಾರ ತಿಳ್ಕಂಡ್ ಬಾರ್ಲಾ. ನೀ ಊಂ ಅಂದ್ರೆ ನಂಗೆ ಧೈರ್ಯ” ಅಂದಳು. ನಾನು ಮಂಗಳವಾರವೇ ಹೊರಟೆ. ಅಂತರಸಂತೆಯ ಹತ್ತಿರ ಹುಡುಗನ ಊರು. ಟೀ ಅಂಗಡಿಯಲ್ಲಿ ಕೇಳಿದೆ. ಕ್ಷೌರದಂಗಡಿಯಲ್ಲಿ ಬೇಡದಿದ್ದರೂ ಗಡ್ಡ ಮಾಡಿಸಿಕೊಂಡು ಕೇಳಿದೆ. ಅವನು ಕೆಲಸ ಮಾಡುವ ಟ್ರಾಕ್ಟರ್ ರಿಪೇರಿ ಅಂಗಡಿಗೆ ಹೋಗಿ ಕೇಳಿದೆ. ಅವನ ಹಿಂದೆ ಯಾವುದಾದರೂ ಹೆಣ್ಣಿನ ಮಾತಿದೆಯೇ ಎಂದು ನಲ್ಲಿಯ ಹತ್ತಿರದ ಹೆಂಗಸರನ್ನು ಕೇಳಿದಾಗ ಒಬ್ಬ ಮುದುಕಿ, “ಅಲ್ಲ ಕಣಪ್ಪಾ, ಹುಡುಗನ್ ನೋಡಕ್ ಬಂದಿದ್ದೀಯೋ, ಕಳ್ಳನ್ ಹಿಡಿಯಕ್ ಬಂದಿದ್ದೀಯೋ?” ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಹುಡುಗ ಒಳ್ಳೆಯವನು. ತಾಯಿಯ ಮಾತಿಗೆ ಎದುರಾಡುತ್ತಾನಂತೆ, ಅದೊಂದೇ ದೂರು.

ಮಾರನೆಯ ದಿನ ಮಧ್ಯಾಹ್ನ ಅಕ್ಕ ಕೆಲಸ ಮಾಡುವ ಬ್ಯಾರನ್ ಹತ್ತಿರ ಹೋದೆ. ಕಾವಿನಲ್ಲಿ ಹೊಗೆಸೊಪ್ಪು ಬೇಯಿಸಿ ಒಣಗಿಸುವ ಆ ಎತ್ತರದ ಕಟ್ಟಡದ ಪಕ್ಕದ ಚಪ್ಪರದಲ್ಲಿ ಅವಳೊಬ್ಬಳೇ ಕುಳಿತು ಹಸಿ ಎಲೆಗಳನ್ನು ಕೋಲಿಗೆ ಕಟ್ಟುತ್ತಿದ್ದಳು. ಉಳಿದವರು ಊಟಕ್ಕೆ ಹೋಗಿದ್ದರು. ಎಲೆಯ ಅಂಟಿನಿಂದ ಅವಳ ಬೆರಳುಗಳು ಕಪ್ಪಾಗಿದ್ದವು. ನಾನು ಎಲ್ಲ ಹೇಳಿದೆ. ಅವಳು ದಾರ ಸುತ್ತುವುದನ್ನು ಬಿಟ್ಟು ಕೇಳಿದಳು. ಮುದುಕಿಯ ಮಾತಿಗೆ ಬಿದ್ದು ಬಿದ್ದು ನಕ್ಕಳು. ಆಮೇಲೆ, “ಪಾಪ, ನನ್ ಮದ್ವೇಲೂ ಇಂಗೇ ಇಚಾರ್ಸಿದ್ದೇನೋ. ಆ ಮುಂಡೇಮಗ ಬಚ್ಚಿಟ್ಕಂಡ್ನಲ್ಲ, ನೀನೇನ್ ಮಾಡೀಯೆ” ಅಂದಳು.

ಇದಕ್ಕೂ ಸುಮ್ಮನಿದ್ದರೆ ನಾನು ಇನ್ನು ಯಾವ ಚರ್ಚಿನಲ್ಲಿ ಮಂಡಿಯೂರಿ ಏನು ಪ್ರಯೋಜನ? ಹೇಳಿದರೆ ಅಕ್ಕ ನನ್ನ ಕೈಬಿಟ್ಟು ಹೋಗುತ್ತಾಳೆ, ಅದು ಗೊತ್ತಿತ್ತು. ಹುಟ್ಟಿದ ಮನೆಯವರಲ್ಲಿ ಉಳಿದಿರುವುದು ಅವಳೊಬ್ಬಳೇ, ಅಪ್ಪ ಅಮ್ಮ ಮಣ್ಣಾದರು. ಆದರೂ ಬಾಯಿ ತೆರೆದೆ.

“ಅಕ್ಕ, ನಂಗೊತ್ತಿತ್ತು.”

“ಏನು?”

“ತೋಟದ್ ಸಂಸಾರ. ನಿನ್ ಮದ್ವೆಗ್ ಮುಂಚೇನೆ. ಆಯಮ್ಮನ್ ಕೈಲಿ ಟೀ ಕುಡ್ದಿದ್ದೆ.”

ಅವಳು ನನ್ನನ್ನು ನೋಡಿದಳು. ತೊಡೆಯ ಮೇಲಿದ್ದ ಕೋಲು ಜಾರಿ ಎಲೆಯೆಲ್ಲ ಮಣ್ಣಿಗೆ ಬಿತ್ತು. “ಮತ್ತೆ ಜಗಲಿ ಮ್ಯಾಲೆ ಹೌದೇನಕ್ಕ ಅಂದಲ್ಲೋ” ಅಂದಳು. ದನಿ ಏರಿತು. “ಶಿಲುಬೆ ಅಂದಲ್ಲೋ! ನಾ ದೇವ್ರ್ ಮೇಲೆ ಸಿಟ್ಟಾದೆ ಕಣ್ಲಾ! ಇಷ್ಟ್ ವರ್ಸ ಅವ್ನ್ ಮೇಲೆ ಸಿಟ್ಟಾಗಿ, ಅದ್ಕೂ ಅವ್ನ್ ತಾವೇ ಅತ್ತೆ!”

ಹೆದರಿದವನು ಏನು ಹಿಡಿದುಕೊಳ್ಳುತ್ತಾನೋ ಅದನ್ನೇ ಹಿಡಿದೆ. “ನಾನು ಪಾಪನಿವೇದನೆ ಮಾಡೀನಿ ಅಕ್ಕ. ಸ್ವಾಮಿಗಳು ಕ್ಷಮಿಸವ್ರೆ” ಅಂದೆ.

“ಅವ್ರೇನ್ಲಾ ಚೌರಪ್ಪನ್ ಜೊತೆ ಬಾಳಿದ್ದು? ನನ್ನ ಯಾರ್ ಕೇಳುದ್ರು?”

ನಾನು ಮತ್ತೆ ಬಾಯಿ ತೆರೆದೆ. ಅವಳು ಎದ್ದು ನಿಂತಳು. “ಇನ್ನೂ ಏನೋ ಯೋಳಕ್ ಬಾಯ್ ತೆಗೀತಿದ್ದೀಯ. ವಚನ ಗಿಚನ ಬ್ಯಾಡ. ಶಿಲುಬೆ ಬ್ಯಾಡ. ನಿನ್ ಮಾತಲ್ ಯೋಳು, ಇಲ್ದಿದ್ರೆ ಓಯ್ತಾ ಇರು” ಅಂದಳು.

ನನಗೆ ಬಾಯಿಪಾಠವಾಗಿರುವ ಪ್ರಾರ್ಥನೆಗಳು ಎಷ್ಟೋ ಇವೆ. ಒಂದೂ ಬರಲಿಲ್ಲ. ಸ್ಟೆಲ್ಲಾಳ ಅಪ್ಪ ಹಾಕಿದ ಶರತ್ತು, ನನ್ನ ಪ್ರಾಯ, ಚೌರಪ್ಪ ಕೊಟ್ಟ ಭರವಸೆ, ಇವೆಲ್ಲ ನಾಲಿಗೆಯ ತುದಿಗೆ ಬಂದವು. ನುಂಗಿಕೊಂಡೆ. ಇದನ್ನು ಬರೆಯುವ ಈ ಹೊತ್ತಿನ ತನಕ ಅಕ್ಕ ನನ್ನ ಮನೆಯ ಬಾಗಿಲಿಗೆ ಬಂದಿಲ್ಲ. ಸೆಲಿನ್ ಮದುವೆಯ ದಿನ ನನ್ನನ್ನು ಎಲ್ಲಿ ನಿಲ್ಲಿಸುತ್ತಾಳೋ ತಿಳಿಯದು. ನಿಲ್ಲಿಸದೆಯೂ ಇರಬಹುದು, ಅದು ಅವಳಿಗೆ ಬಿಟ್ಟದ್ದು. ನಾನು ಜಪ ಹೇಳಿಸುವುದನ್ನು ಬೇರೆಯವರಿಗೆ ಒಪ್ಪಿಸಿ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದೇನೆ. ಅಂದು ಆ ಚಪ್ಪರದಲ್ಲಿ, ಅವಳ ಮುಖ ನೋಡಿಕೊಂಡು, ಗಟ್ಟಿಯಾಗಿ ಹೇಳಿದ್ದು ಇಷ್ಟೇ:

“ಅಕ್ಕ, ನನ್ ಮದ್ವೆ ಆಗ್ಲಿ ಅಂತ ನಿನ್ ಬಾಳ್ನ ಹಾಳ್ ಮಾಡ್ಬುಟ್ಟೆ. ಆಮೇಲೆ ಅದುನ್ನ ದೇವ್ರ್ ಮೇಲ್ ಆಕ್ದೆ. ತಪ್ಪಾಯ್ತು ಕಣಕ್ಕ. ನಂದೇ ತಪ್ಪು.”